ಇಪ್ಪತ್ತಮೂರನೆಯ ಚಿತ್ರ

೯ ಸೆಪ್ಟೆಂಬರ್ ೧೯೮೧

ಮಾನ್ಯರೇ,

ನಿಮ್ಮ ಊರಿನಿಂದ ಹೊರಟ ರೈಲು ಮೂರು ಗಂಟೆ ತಡವಾಗಿ ಮುಟ್ಟಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ದಿನ ಜಾಗ ಕೊಟ್ಟಿರಿ, ಹೊಲಿಗೆ ಯಂತ್ರವನ್ನು ಮೂಲೆಗೆ ಸರಿಸಿ ನನ್ನ ಪೆಟ್ಟಿಗೆಗೆ ಮೇಜು ಮಾಡಿಕೊಟ್ಟಿರಿ. ದೊಡ್ಡ ಉಪಕಾರವಾಯಿತು. ನಿಮ್ಮ ಯಜಮಾನರು ನನ್ನನ್ನು 'ಮೇಷ್ಟ್ರೇ' ಎಂದು ಕರೆದರು. ವಿಶ್ವವಿದ್ಯಾಲಯದಲ್ಲಿ ಯಾರೂ ಹಾಗೆ ಕರೆಯುವುದಿಲ್ಲ, ಕಿವಿಗೆ ಹಿತವಾಗಿತ್ತು.

ನೀವು ಬಾಗಿಲವರೆಗೆ ಬಂದು 'ಅವರಿಗೆ ಆಗಿರುವುದೇನು' ಎಂದು ಕೇಳಿದ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಕೊಡಲಾಗಲಿಲ್ಲ. ಹೋದ ವರ್ಷದ ಮೆದುಳು ಜ್ವರ ಅವರ ಕಣ್ಣನ್ನು ಕೆಡಿಸಿಲ್ಲ, ಬುದ್ಧಿಯನ್ನೂ ಕೆಡಿಸಿಲ್ಲ. ಸೂಜಿಗೆ ಒಂದೇ ಏಟಿಗೆ ದಾರ ಪೋಣಿಸುತ್ತಾರೆ. ಕಣ್ಣು, ಮೂಗು, ಹುಬ್ಬು ಬಿಡಿಬಿಡಿಯಾಗಿ ಕಾಣುತ್ತವೆ. ಅವೆಲ್ಲ ಕೂಡಿ 'ಇದು ಇಂಥವರ ಮುಖ' ಎಂದಾಗುವ ಒಂದು ಕೆಲಸ ಮೆದುಳಿನಲ್ಲಿ ನಡೆಯುತ್ತದಲ್ಲ, ಅದು ಮಾತ್ರ ನಿಂತುಹೋಗಿದೆ. ನಾನು ತೋರಿಸಿದ ನಲವತ್ತು ಮುಖದ ಚಿತ್ರಗಳಲ್ಲಿ ಹತ್ತು ಅವರ ಹತ್ತಿರದವರವು. ಅವರ ತಾಯಿ, ಮಗಳು, ಪಕ್ಕದ ಅಂಗಡಿಯವರು, ದಿನವೂ ಕನ್ನಡಿಯಲ್ಲಿ ನೋಡುವ ಅವರದೇ ಮುಖ. ಒಂದನ್ನೂ ಗುರುತಿಸಲಿಲ್ಲ.

ಇಪ್ಪತ್ತಮೂರನೆಯದು ನಿಮ್ಮದು. ಅದನ್ನು ಕೈಯಲ್ಲಿ ಹಿಡಿದು "ಯಾರೋ ಹೆಂಗಸು, ಸುಸ್ತಾಗಿದಾಳೆ" ಎಂದಾಗ ಪರದೆಯ ಆಚೆ ನೀವಿದ್ದಿರೆಂದು ನನಗೆ ಗೊತ್ತಿರಲಿಲ್ಲ. ಕ್ಷಮಿಸಿ. ಇದಕ್ಕೂ ಮಮತೆಗೂ ಸಂಬಂಧವಿಲ್ಲ. ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಚಿತ್ರಗಳ ಪೆಟ್ಟಿಗೆಯನ್ನು ನಿಮ್ಮಲ್ಲೇ ಬಿಟ್ಟು ಬಂದಿದ್ದೇನೆ. ವಾರಕ್ಕೊಮ್ಮೆ ಒಂದೊಂದಾಗಿ ಅವರ ಕೈಗೆ ಕೊಟ್ಟು, ಅವರು ಹೇಳಿದ್ದನ್ನು ನೋಟುಬುಕ್ಕಿನಲ್ಲಿ ಬರೆದಿಡಿ. ಅಭ್ಯಾಸದಿಂದ ಏನಾದರೂ ಮರಳುತ್ತದೆಯೇ ಎಂದು ಮಾರ್ಚಿನಲ್ಲಿ ಬಂದು ನೋಡುತ್ತೇನೆ. ನನ್ನ ದಾಖಲೆಯಲ್ಲಿ ಅವರ ಹೆಸರು ಬರುವುದಿಲ್ಲ. 'ದರ್ಜಿ' ಎಂದಷ್ಟೇ ಬರೆಯುತ್ತೇನೆ.

ಇಂತಿ,
ಮೇಷ್ಟ್ರು


೨ ಅಕ್ಟೋಬರ್ ೧೯೮೧

ಮೇಷ್ಟ್ರಿಗೆ ನಮಸ್ಕಾರಗಳು.

ನಾನು ಏಳನೇ ತರಗತಿಯವರೆಗೆ ಓದಿದವಳು. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ನೀವು ಹೇಳಿದ ಹಾಗೆ ಮೂರು ಭಾನುವಾರ ಚಿತ್ರ ತೋರಿಸಿದೆ. ಮೂರು ಸಲವೂ ಸೊನ್ನೆ. ತಾಯಿಯ ಚಿತ್ರ ಹಿಡಿದು "ಇವ್ರು ಗಂಡಸಾ?" ಎಂದರು. ಅತ್ತೆ ಅಲ್ಲೇ ಕೂತಿದ್ದರು.

ಅಂಗಡಿಯ ಕೆಲಸಕ್ಕೆ ತೊಂದರೆಯಿಲ್ಲ. ಗಿರಾಕಿಗಳ ಮುಖ ಯಾರಿಗೆ ಬೇಕು. ಒಳಗೆ ಬಂದವರ ಬಲಭುಜ ಎಡಭುಜಕ್ಕಿಂತ ಅರ್ಧ ಇಂಚು ತಗ್ಗಿದ್ದರೆ ಅವರು ಬ್ಯಾಂಕಿನವರು, ಮೊಣಕಾಲು ಒಳಕ್ಕೆ ಬಾಗಿದ್ದರೆ ಅಂಚೆಯವರು. ನಿಮ್ಮನ್ನೂ ಗುರುತಿಟ್ಟುಕೊಂಡಿದ್ದಾರೆ. "ಮೇಷ್ಟ್ರ ಕೋಟಿನ ತೋಳು ಉದ್ದ ಆಗಿದೆ. ಬೇರೆಯವರ ಅಳತೆಗೆ ಹೊಲಿಸಿದ್ದನ್ನ ಹಾಕ್ಕೊಂಡಿದಾರೆ ಪಾಪ" ಎಂದು ನಗುತ್ತಾರೆ. ಮುಂದಿನ ಸಲ ಬರುವಾಗ ಕೋಟು ತನ್ನಿ, ಮೊಟಕು ಮಾಡಿಕೊಡುತ್ತಾರಂತೆ. ನಿಮ್ಮ ಮನೆಯವರನ್ನೂ ಕರೆದುಕೊಂಡು ಬನ್ನಿ.

ಕಷ್ಟವೆಲ್ಲ ಅಂಗಡಿಯ ಹೊರಗೆ. ಹೋದ ವಾರ ಮಾರುಕಟ್ಟೆಯಲ್ಲಿ ನನ್ನ ಹಸಿರು ಶಾಲಿನಂಥದ್ದೇ ಶಾಲು ಹೊದ್ದವರ ಹಿಂದೆ ಚೀಲ ಹೊತ್ತುಕೊಂಡು ಎರಡು ಬೀದಿ ನಡೆದಿದ್ದಾರೆ. ಮಗಳಿಗೆ ಆರು ವರ್ಷ. ಕೂದಲು ಗಿಡ್ಡ ಮಾಡಿಸಿಕೊಂಡು ಬಂದ ದಿನ "ಯಾರ ಮಗು ಮರಿ ನೀನು?" ಎಂದು ಕೇಳಿದರು. ಆಟವೆಂದುಕೊಂಡು ಅವಳು ನಕ್ಕಳು. ಇನ್ನೊಮ್ಮೆ ಕೇಳಿದಾಗ ನಗಲಿಲ್ಲ.

ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಬರೆದಿರಿ. ಹಚ್ಚಿಕೊಂಡಿಲ್ಲ. ಸುಮ್ಮನೆ ಒಂದು ಮಾತು ಕೇಳುತ್ತೇನೆ. ಈ ಕಾಯಿಲೆಯವರಲ್ಲಿ ಯಾರಿಗಾದರೂ, ಎಲ್ಲಾದರೂ, ಒಬ್ಬರ ಮುಖವಾದರೂ ಉಳಿದದ್ದುಂಟೇ?

ದರ್ಜಿ ಮನೆಯಾಕೆ


೨೦ ಮಾರ್ಚ್ ೧೯೮೨

ಮಾನ್ಯರೇ,

ಮೊನ್ನೆ ಕಂಡದ್ದನ್ನು ಯಾರಿಗೆ ಹೇಳಲಿ ಎಂದು ತಿಳಿಯದೆ ನಿಮಗೇ ಬರೆಯುತ್ತಿದ್ದೇನೆ. ಅಕ್ಟೋಬರಿನಲ್ಲಿ ನೀವು ಕೇಳಿದ್ದಕ್ಕೆ 'ಇಲ್ಲ' ಎಂದು ಬರೆಯಲು ಮನಸ್ಸು ಬಾರದೆ ಸುಮ್ಮನಿದ್ದೆ. ಈಗ ಉತ್ತರ ನಿಮ್ಮ ಮನೆಯಲ್ಲೇ ಸಿಕ್ಕಿದೆ.

ಚಿತ್ರಗಳನ್ನು ಮೂರು ಸಲ ಕಲೆಸಿ ಕೊಟ್ಟೆ. ಮೂರು ಸಲವೂ ಮೂವತ್ತೊಂಬತ್ತು ಮುಖಗಳನ್ನು ಪಕ್ಕಕ್ಕಿಟ್ಟರು, ಮೂರು ಸಲವೂ ನಿಮ್ಮದನ್ನು ಹಿಡಿದರು. ನೋಡಿದ ಕೂಡಲೇ ಅಲ್ಲ. ಸ್ವಲ್ಪ ಹೊತ್ತು ಹೆಬ್ಬೆರಳಿನಿಂದ ಚಿತ್ರದ ಅಂಚನ್ನು ಸವರುತ್ತಿದ್ದರು. ಆಮೇಲೆ "ಇವಳು ನಮ್ಮನೆಯವಳು" ಎಂದರು. ಆ ಸವರುವಿಕೆಯಲ್ಲಿ ಎಂಥ ಮೃದುತ್ವವಿತ್ತೆಂದರೆ ನಾನು ಬರೆಯುವುದನ್ನು ನಿಲ್ಲಿಸಿ ನೋಡುತ್ತಾ ಕುಳಿತೆ. ಮುಖಗಳಿಗೆ ಹೋಗುವ ಹೆದ್ದಾರಿ ಮುಚ್ಚಿದ್ದರೂ ಮಮತೆ ತನಗೊಂದು ಕಾಲುದಾರಿ ಮಾಡಿಕೊಂಡಿದೆ. ಇದಕ್ಕೂ ಮಮತೆಗೂ ಸಂಬಂಧವಿಲ್ಲ ಎಂದು ಬರೆದಿದ್ದೆನಲ್ಲ, ಆ ಮಾತನ್ನು ಹಿಂದೆ ತೆಗೆದುಕೊಳ್ಳುತ್ತೇನೆ.

ಅಭ್ಯಾಸ ಮಾಡಿಸುವಾಗ ಏನನ್ನಾದರೂ ಬದಲಾಯಿಸಿದಿರಾ? ದಾಖಲೆಗಾಗಿ ಕೇಳುತ್ತಿದ್ದೇನೆ.

ಕೋಟಿನ ತೋಳು ಈಗ ಸರಿಯಾಗಿದೆ. ನನ್ನ ಮನೆಯಾಕೆಗೆ ಪ್ರಯಾಣ ಆಗಿಬರುವುದಿಲ್ಲ. ನೀವು ಕೇಳಿದಿರೆಂದು ಹೇಳುತ್ತೇನೆ.

ಮೇಷ್ಟ್ರು


೧೧ ಏಪ್ರಿಲ್ ೧೯೮೨

ಮೇಷ್ಟ್ರಿಗೆ ನಮಸ್ಕಾರಗಳು.

ಏನೂ ಬದಲಾಯಿಸಿಲ್ಲ. ನೀವು ಹೇಳಿದ ಹಾಗೆಯೇ ಮಾಡಿದೆ.

ಅತ್ತೆ ಈಗ ಬಾಯಿ ಮುಚ್ಚಿದ್ದಾರೆ. "ಕಟ್ಟಿಕೊಂಡವಳನ್ನೇ ಮರೆಯೋ ಹಾಗೆ ಇದ್ದಿರಬೇಕು ಇವಳ ಸಂಸಾರ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ನೀವು ಹೋದ ಮಾರನೆಯ ದಿನ ಅವರೇ ಪಕ್ಕದ ಅಂಗಡಿಗೆ ಹೋಗಿ "ಹೆತ್ತವಳ ಮುಖ ಹೋಯ್ತು, ಹೆಂಡ್ತಿ ಮುಖ ಉಳೀತು, ಕಾಲ ಹಾಗಿದೆ" ಎಂದು ಹೇಳಿಬಂದರು. ಬೈದದ್ದೇ ಆದರೂ ನನಗೆ ಹೊಗಳಿದ ಹಾಗಾಯಿತು.

ಗುಂಡಿಗಳಿಗೆ ಕಾಜಾ ಹೊಲಿಯುವುದು ಬಹಳ ಬಾಕಿಯಿದೆ. ಇಲ್ಲಿಗೆ ನಿಲ್ಲಿಸುತ್ತೇನೆ.

ದರ್ಜಿ ಮನೆಯಾಕೆ


೫ ಜುಲೈ ೧೯೮೬

ತಂಗ್ಯಮ್ಮನಿಗೆ ಆಶೀರ್ವಾದಗಳು.

ಇದರ ಜೊತೆ ಒಂದು ಪುಸ್ತಕ ಬರುತ್ತದೆ. ಮನೋವಿಜ್ಞಾನ ಓದುವ ಮಕ್ಕಳ ಪಠ್ಯ. ನೂರ ಹನ್ನೆರಡನೆಯ ಪುಟದಲ್ಲಿ 'ದರ್ಜಿಯ ಪ್ರಕರಣ' ಇದೆ. ನಿಮಗೆಂದು ಆ ಎರಡು ಪುಟಗಳನ್ನು ಕನ್ನಡಕ್ಕೆ ತಿರುಗಿಸಿ ಒಳಗಿಟ್ಟಿದ್ದೇನೆ. 'ಎಲ್ಲ ಮುಖಗಳೂ ಅಳಿಸಿಹೋದ ಮೇಲೂ ಅತ್ಯಂತ ಆಪ್ತವಾದ ಒಂದು ಮುಖ ಉಳಿಯಬಲ್ಲದು' ಎಂಬ ಸಾಲಿನ ಕೆಳಗೆ ಗೀಟು ಹಾಕಿದ್ದೇನೆ. ಆ ಮುಖ ನಿಮ್ಮದು.

ನನ್ನನ್ನು ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದ್ದಾರೆ. ಈ ಏರಿಕೆಯೆಲ್ಲ ನಿಮ್ಮ ಮನೆಯ ಹಿಂದಿನ ಕೋಣೆಯಿಂದ ಶುರುವಾದದ್ದು ಎಂದು ಮರೆತಿಲ್ಲ. ಒಬ್ಬ ಹುಡುಗಿ ಸಹಾಯಕಿಯಾಗಿ ಸೇರಿದ್ದಾಳೆ. ಬಲು ಚುರುಕು, ನನ್ನ ಲೆಕ್ಕಗಳನ್ನು ನನಗೇ ತಿದ್ದಿ ತೋರಿಸುತ್ತಾಳೆ. ಮುಂದೊಂದು ಸಲ ಅವಳನ್ನೂ ಕರೆತರುತ್ತೇನೆ. ಮನೆಯಾಕೆ ಕ್ಷೇಮ, ಎಂದಿನಂತೆ ಪ್ರಯಾಣ ಒಗ್ಗದು.

ಮೇಷ್ಟ್ರು


೩೦ ಆಗಸ್ಟ್ ೧೯೮೮

ತಂಗ್ಯಮ್ಮನಿಗೆ,

ಈ ಸಲದ ಭೇಟಿ ಅವಸರದ್ದಾಯಿತು. ಸಹಾಯಕಿ ಹೊಸದಾಗಿ ಮುದ್ರಿಸಿ, ದಪ್ಪ ರಟ್ಟಿಗೆ ಅಂಟಿಸಿ ತಂದ ಚಿತ್ರಗಳನ್ನು ನಾನು ಮೊದಲೇ ನೋಡಿರಲಿಲ್ಲ. ನಿಮ್ಮ ಯಜಮಾನರು ಅಂದು ಬಳಲಿದಂತೆ ಕಂಡರು. ಜ್ವರವಿತ್ತೆಂದು ನನ್ನ ಭಾವನೆ. ಹಾಗಾಗಿ ಆ ದಿನದ ಫಲಿತಾಂಶವನ್ನು ದಾಖಲೆಯಿಂದ ಬಿಟ್ಟಿದ್ದೇನೆ. ಮುಂದಿನ ಸಲ ಹಳೆಯ ಚಿತ್ರಗಳನ್ನೇ ಇಟ್ಟುಕೊಳ್ಳೋಣ. ಅವರ ಕೈಗೆ ಅಭ್ಯಾಸವಾದವು.

ಸಹಾಯಕಿ ಕೆಲಸ ಬಿಟ್ಟಳು. ಎಲ್ಲೋ ಶಾಲೆಯಲ್ಲಿ ಪಾಠ ಹೇಳುತ್ತಾಳಂತೆ.

ಮೇಷ್ಟ್ರು


೧೫ ಸೆಪ್ಟೆಂಬರ್ ೧೯೮೮

ಮೇಷ್ಟ್ರಿಗೆ ನಮಸ್ಕಾರಗಳು.

ಹೌದು. ಅಂದು ಅವರ ಮೈ ಬೆಚ್ಚಗಿತ್ತು.

ಮಗಳು ಹೈಸ್ಕೂಲಿಗೆ ಸೇರಿದಳು. ಇಲ್ಲೆಲ್ಲ ಕ್ಷೇಮ.

ದರ್ಜಿ ಮನೆಯಾಕೆ


೨೬ ಜನವರಿ ೧೯೯೭

ಮೇಷ್ಟ್ರಿಗೆ,

ಅವರು ಈ ತಿಂಗಳ ಹದಿನಾಲ್ಕರಂದು ಹೋದರು. ತಂತಿ ಕೊಡೋಣ ಎಂದು ಅಳಿಯ ಹೇಳಿದ. ಬರಲು ನಿಮಗೆ ಆಗದಿದ್ದರೆ ನೊಂದುಕೊಳ್ಳುತ್ತೀರಿ ಎಂದು ನಾನೇ ಬೇಡವೆಂದೆ.

ಎದೆಯಲ್ಲಿ ನೀರು ತುಂಬಿತ್ತು. ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದರು. ಅಲ್ಲಿ ಎಲ್ಲರಿಗೂ ಒಂದೇ ಬಿಳಿ ಬಟ್ಟೆ. ಭುಜ, ನಡಿಗೆ ಅಂತ ಗುರುತು ಹಚ್ಚಲು ಮಲಗಿದವರಿಗೆ ಏನು ಕಾಣುತ್ತದೆ. ಬಂದವರನ್ನೆಲ್ಲ "ಯಾರು ತಾಯಿ?" ಎಂದು ಕೇಳುತ್ತಿದ್ದರು. ದಾದಿಯರಲ್ಲಿ ಒಬ್ಬಳು ದಿನಕ್ಕೆ ಹತ್ತು ಸಲ ಬೇಸರಿಸದೆ ಹೇಳುತ್ತಿದ್ದಳು. ಇನ್ನೊಬ್ಬಳು "ಅಜ್ಜಾ, ಈಗ ತಾನೇ ಹೇಳಿದ್ನಲ್ಲ" ಎಂದು ರೇಗುತ್ತಿದ್ದಳು. ಐವತ್ತೊಂದು ಅಷ್ಟೇ ಅವರಿಗೆ. ಅಜ್ಜ ಎನ್ನಿಸಿಕೊಳ್ಳುವ ವಯಸ್ಸಲ್ಲ.

ಕೊನೆಯ ದಿನ ಕಣ್ಣು ಬಿಡಲಿಲ್ಲ. ನನ್ನ ಬಲಗೈಯ ನಡುಬೆರಳಿನ ತುದಿ ಹುಡುಕಿ, ಸೂಜಿ ತಳ್ಳಿ ತಳ್ಳಿ ಗಟ್ಟಿಯಾದ ಜಾಗವನ್ನು ಒತ್ತಿ ಹಿಡಿದುಕೊಂಡಿದ್ದರು. ಯಾವಾಗ ಬಿಟ್ಟರೋ ನನಗೆ ತಿಳಿಯಲಿಲ್ಲ.

ಮಗಳು ಅಂಗಡಿ ನೋಡಿಕೊಳ್ಳುತ್ತಾಳೆ. ಕತ್ತರಿ ಹಿಡಿಯುವುದು ಅಪ್ಪನ ಹಾಗೆಯೇ.

ದರ್ಜಿ ಮನೆಯಾಕೆ


೧೭ ಫೆಬ್ರವರಿ ೧೯೯೭

ತಂಗೀ,

ನಿಮ್ಮ ಕಾಗದವನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಏನು ಬರೆದರೂ ಕಡಿಮೆಯೇ. ಹದಿನಾರು ವರ್ಷ ನಾನು ಅಷ್ಟು ಹತ್ತಿರದಿಂದ ನೋಡಿದ ಮನುಷ್ಯ ಇನ್ನೊಬ್ಬನಿಲ್ಲ. ಅವರಿಗೆ ಮಾತ್ರ ಪ್ರತಿ ಸಲವೂ ನಾನು ಕೋಟಿನಿಂದಲೇ ಗುರುತು.

ಈ ವರ್ಷ ನನಗೆ ನಿವೃತ್ತಿ. ಎಲ್ಲ ದಾಖಲೆಗಳನ್ನೂ ಕೂಡಿಸಿ ಒಂದು ಪುಸ್ತಕ ಮಾಡುತ್ತಿದ್ದೇನೆ. 'ಉಳಿದ ಮುಖ' ಎಂದು ಹೆಸರಿಟ್ಟಿದ್ದೇನೆ. ಅವರಿಗೆ ನಾನು ಸಲ್ಲಿಸಬಹುದಾದ ಗೌರವ ಇದೊಂದೇ. ಮೊದಲ ಪುಟಕ್ಕೆ ನಿಮ್ಮ ನಾಲ್ಕು ಮಾತು ಬೇಕು. ಅವರು ನಿಮ್ಮನ್ನು ಗುರುತಿಸಿದಾಗಲೆಲ್ಲ ನಿಮಗೆ ಏನನ್ನಿಸುತ್ತಿತ್ತು ಎಂದು ಬರೆದರೆ ಸಾಕು. ಅವಸರವಿಲ್ಲ, ಮನಸ್ಸು ತಿಳಿಯಾದ ಮೇಲೆ ಬರೆಯಿರಿ.

ಮೇಷ್ಟ್ರು


೨೧ ಜುಲೈ ೧೯೯೭

ಮೇಷ್ಟ್ರಿಗೆ,

ಐದು ತಿಂಗಳು ಬರೆಯಲಿಲ್ಲ. ದುಃಖದಲ್ಲಿದ್ದಾಳೆ ಎಂದುಕೊಂಡಿರಬಹುದು. ದುಃಖವೂ ಇತ್ತು. ಆದರೆ ಅದಕ್ಕಲ್ಲ. ಯಾವ ಮುಖ ಇಟ್ಟುಕೊಂಡು ಬರೆಯಲಿ ಎಂದು ಸುಮ್ಮನಿದ್ದೆ.

ಏಪ್ರಿಲಿನಲ್ಲಿ ಒಂದು ಮಧ್ಯಾಹ್ನ ಒಬ್ಬಾಕೆ ಅಂಗಡಿಗೆ ಬಂದಳು. ಬಟ್ಟೆ ಹೊಲಿಸಲು ಬಂದವಳಲ್ಲ. ಗಂಡ ಬಸ್ಸಿನ ಡ್ರೈವರು. ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಮುಖಗಳೆಲ್ಲ ಹೋಗಿವೆ. ನಮ್ಮವರಿದ್ದ ಆಸ್ಪತ್ರೆಯಲ್ಲೇ ತೋರಿಸಿದ್ದಾರೆ. ಅಲ್ಲಿಯ ಡಾಕ್ಟರು ನಿಮ್ಮ ಪುಸ್ತಕದ ಮಾತು ಹೇಳಿದರಂತೆ. ದರ್ಜಿ ಎಂದರೆ ಯಾರು ಎಂದು ಆಸ್ಪತ್ರೆಯಲ್ಲಿ ಯಾರಿಗೆ ಗೊತ್ತಿಲ್ಲ. ಹುಡುಕಿಕೊಂಡು ಬಂದಿದ್ದಳು.

"ಅಕ್ಕಾ, ನೀವು ಏನು ಮಾಡಿದ್ರಿ ಹೇಳಿ" ಎಂದಳು. "ತೀರಾ ಹತ್ತಿರದ ಒಂದು ಮುಖ ಉಳಿಯುತ್ತಂತೆ. ನಂದು ಉಳೀಲಿಲ್ಲ. ಅಂದ್ರೆ ನಾನು ಹತ್ತಿರ ಇರ್ಲೇ ಇಲ್ಲ ಅಂತ ಆಯ್ತಲ್ಲ?"

ನಾನು ಅವಳಿಗೆ ಏನು ಹೇಳಿದೆ ಗೊತ್ತೇ ಮೇಷ್ಟ್ರೇ. "ಅದೆಲ್ಲ ಹಣೆಬರಹ ತಾಯಿ, ಎಲ್ಲರಿಗೂ ಸಿಗೋದಲ್ಲ" ಎಂದೆ. ಹೇಳುವಾಗ ಒಳಗೊಳಗೇ ಹೆಮ್ಮೆಯಾಯಿತು. ಅವಳು ಟೀ ಕೂಡ ಕುಡಿಯದೆ ಎದ್ದು ಹೋದಳು. ಮಗಳನ್ನು ಕರೆದುಕೊಂಡು ಅಣ್ಣನ ಮನೆ ಸೇರಿದಳೆಂದು ಆಮೇಲೆ ತಿಳಿಯಿತು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ.

ಈಗ ನಿಮಗೆ ಬೇಕಾದ ನಾಲ್ಕು ಮಾತು ಬರೆಯುತ್ತೇನೆ. ಪುಸ್ತಕಕ್ಕೆ ಹಾಕಿಕೊಳ್ಳುವುದಾದರೆ ಹಾಕಿಕೊಳ್ಳಿ.

ಆ ಮೊದಲ ಚಳಿಗಾಲದಲ್ಲಿ, ಅತ್ತೆ ನಾಲ್ಕು ಜನರ ಎದುರು ಆಡಿಕೊಂಡ ಒಂದು ದಿನ, ನಿಮ್ಮ ಪೆಟ್ಟಿಗೆ ತೆಗೆದು ನನ್ನ ಚಿತ್ರದ ಕೆಳಗಿನ ಮೂಲೆಗೆ ಕಾಜಾ ಹೊಲಿಯುವ ಸೂಜಿಯಿಂದ ಹಿಂದಿನಿಂದ ಚುಚ್ಚಿದೆ. ಮುಂದೆ ಒಂದು ಕಾಳಿನಷ್ಟೂ ಇಲ್ಲ, ಮರಳಿನ ಕಣದಷ್ಟು ಉಬ್ಬು. ಕಣ್ಣಿಗೆ ಕಾಣದು. ದರ್ಜಿಯ ಹೆಬ್ಬೆರಳಿಗೆ ತಿಳಿಯದೆ ಇರದು. ಅವರಿಗೆ ಏನೂ ಹೇಳಲಿಲ್ಲ. ಆ ಭಾನುವಾರ ಚಿತ್ರಗಳನ್ನು ಕೊಡುತ್ತಾ ಹೋದೆ. ಹೆಬ್ಬೆರಳು ಅಲ್ಲಿಗೆ ಬಂದು ನಿಂತಿತು. ಸ್ವಲ್ಪ ಹೊತ್ತು ನನ್ನ ಕಡೆ ನೋಡಿ "ಇದು ನೀನು" ಎಂದರು. ನಾನು ಅತ್ತುಬಿಟ್ಟೆ. ಆಮೇಲೆ ಹದಿನೈದು ವರ್ಷ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇನ್ನೊಂದು ಮಾತು. ಆ ಹುಡುಗಿ ಹೊಸ ಚಿತ್ರ ತಂದ ದಿನ ಅವರು ನನ್ನದನ್ನು ಹಿಡಿಯಲಿಲ್ಲವಲ್ಲ, ಅಂದು ಅವರಿಗೆ ಜ್ವರವಿರಲಿಲ್ಲ. ಬೆಳಗ್ಗೆ ಎರಡು ಕೋಟು ಕತ್ತರಿಸಿ ಮುಗಿಸಿ ಬಂದು ಕೂತಿದ್ದರು. ನೀವೂ ನೋಡಿದ್ದಿರಿ. ಹಳೆಯದರಲ್ಲಿ ಏನಿತ್ತು ಎಂದು ನಿಮಗೆ ಅಂದೇ ಗೊತ್ತಾಯಿತು ಎಂದು ನನಗೂ ಗೊತ್ತಾಯಿತು. ನೀವು ಜ್ವರ ಎಂದು ಬರೆದಿರಿ, ನಾನು ತುಟಿ ಹೊಲಿದುಕೊಂಡೆ. ಇಬ್ಬರೂ ಸೇರಿ ಮುಚ್ಚಿದ್ದು ಇದು. ಈಗ ಇಬ್ಬರೂ ಸೇರಿ ಬಿಚ್ಚಬೇಕು. ಆಕೆಯ ಸಂಸಾರ ಒಡೆದದ್ದು ನಮ್ಮಿಂದ.

ದರ್ಜಿ ಮನೆಯಾಕೆ


೮ ಆಗಸ್ಟ್ ೧೯೯೭

ಮಾನ್ಯರೇ,

ನಿಮ್ಮ ಕಾಗದ ತಲುಪಿತು. ನೀವು ಇನ್ನೂ ಶೋಕದಲ್ಲಿದ್ದೀರಿ. ಇಂಥ ಹೊತ್ತಿನಲ್ಲಿ ಮನಸ್ಸು ಇಲ್ಲದ ತಪ್ಪನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳುತ್ತದೆ.

ನೀವು ಚುಚ್ಚಿದ್ದು ನಿಜವೆಂದೇ ಇಟ್ಟುಕೊಳ್ಳೋಣ. ಉಬ್ಬು ಅವರ ಬೆರಳಿಗೆ ಸಿಕ್ಕಿತೆಂದೂ ಇಟ್ಟುಕೊಳ್ಳೋಣ. ಅದರಿಂದ ಮುಖವನ್ನು ಅವರು ಗುರುತಿಸಲೇ ಇಲ್ಲ ಎಂದಾಗುವುದಿಲ್ಲ. ಎರಡೂ ಒಟ್ಟಿಗೆ ಇದ್ದಿರಬಹುದು. ಬೇರೆ ಮಾಡಿ ನೋಡಲು ಈಗ ಅವರಿಲ್ಲ. ಒಂಬತ್ತು ವರ್ಷದ ಹಿಂದೆ ಜ್ವರವಿತ್ತೋ ಇಲ್ಲವೋ ಎಂಬಲ್ಲಿ ಜ್ಞಾಪಕ ಮೋಸ ಮಾಡುತ್ತದೆ. ಅಂದು ಮೈ ಬೆಚ್ಚಗಿತ್ತು ಎಂದು ನೀವೇ ಬರೆದ ಕಾಗದ ನನ್ನ ಬಳಿಯಿದೆ.

ಈ ಪ್ರಕರಣದ ಮೇಲೆ ಎಷ್ಟೋ ವಿದ್ಯಾರ್ಥಿಗಳು ತಮ್ಮ ಕೆಲಸ ಕಟ್ಟಿದ್ದಾರೆ. ದುಡುಕಬೇಡಿ.

ಪ್ರಾಧ್ಯಾಪಕರು, ಮನೋವಿಜ್ಞಾನ ವಿಭಾಗ


೨ ಸೆಪ್ಟೆಂಬರ್ ೧೯೯೭

ಪ್ರಾಧ್ಯಾಪಕರಿಗೆ,

ಹೌದು, ಬೆಚ್ಚಗಿತ್ತು ಎಂದು ಬರೆದೆ. ಬದುಕಿದ್ದವರ ಮೈ ಬೆಚ್ಚಗೇ ಇರುತ್ತದೆ.

ಎರಡೂ ಇದ್ದಿರಬಹುದು ಎಂದಿರಿ. ನಾನೂ ಎಷ್ಟೋ ವರ್ಷ ಆ ಒಂದು ಎಳೆಗೆ ಜೋತುಬಿದ್ದಿದ್ದೆ. ಅದಕ್ಕೇ ಆಸ್ಪತ್ರೆಯಲ್ಲಿ ಒಂದು ಸಂಜೆ ಅವರನ್ನೇ ಕೇಳಿದೆ. ಈ ಮಾತನ್ನು ಯಾರಿಗೂ ಬರೆಯಬಾರದು ಎಂದುಕೊಂಡಿದ್ದೆ, ಮಗಳಿಗೂ ಹೇಳಿಲ್ಲ. ನೀವು ಬರೆಸುತ್ತಿದ್ದೀರಿ.

"ನಿಜ ಹೇಳಿ. ಆ ಚಿತ್ರದಲ್ಲಿ ನನ್ನ ಮುಖ ನಿಮಗೆ ಒಂದು ಸಲನಾದ್ರೂ ಗೊತ್ತಾಯ್ತಾ?" ಎಂದೆ.

"ಇಲ್ಲ ಕಣೇ" ಎಂದರು.

"ಮತ್ತೆ ಯಾಕೆ ಹೇಳ್ತಿದ್ರಿ?"

"ನೀನು ಪರದೆ ಹಿಂದೆ ಉಸಿರು ಹಿಡ್ಕೊಂಡು ನಿಂತಿರ್ತಿದ್ದೆ. ನನಗೆ ಕೇಳಿಸ್ತಿತ್ತು. ನೀನು ಉಸಿರು ಬಿಡ್ಲಿ ಅಂತ ಹೇಳ್ತಿದ್ದೆ."

ಇದನ್ನು ನಿಮ್ಮ ದಾಖಲೆಯಲ್ಲಿ ಯಾವ ಪುಟಕ್ಕೆ ಸೇರಿಸುತ್ತೀರೋ ಸೇರಿಸಿ.

ದರ್ಜಿಯ ಹೆಂಡತಿ


೧೯ ಜನವರಿ ೧೯೯೮

ತಂಗೀ,

ಹಾಗೆ ಕರೆಯುವ ಹಕ್ಕು ಉಳಿದಿದೆಯೋ ಇಲ್ಲವೋ ತಿಳಿಯದು. ಬೇರೆ ಹೇಗೆ ಶುರು ಮಾಡಬೇಕೆಂದೂ ತಿಳಿಯಲಿಲ್ಲ.

ನಾಲ್ಕು ತಿಂಗಳು ನಿಮ್ಮ ಕಾಗದ ಮೇಜಿನ ಮೇಲೆಯೇ ಇತ್ತು. ಡಿಸೆಂಬರಿನಲ್ಲಿ, ನನ್ನ ಲೇಖನ ಅಚ್ಚಾಗಿದ್ದ ಪತ್ರಿಕೆಗೆ ಎಲ್ಲ ದಾಖಲೆಗಳನ್ನೂ ಕಳಿಸಿದೆ. ಬಿಟ್ಟುಬಿಟ್ಟಿದ್ದ ಆ ದಿನದ ಹಾಳೆಯನ್ನೂ ಸೇರಿಸಿದೆ. ಅವರಿಗೆ ಜ್ವರವಿರಲಿಲ್ಲ, ನಾನು ಸುಳ್ಳು ಬರೆದೆ ಎಂದು ಕೈಬರಹದಲ್ಲಿ ಬರೆದು ಸಹಿ ಮಾಡಿದೆ. ಲೇಖನವನ್ನು ಹಿಂತೆಗೆದಿದ್ದಾರೆ. ಪಠ್ಯದಿಂದ ಆ ಪುಟಗಳು ಹೋಗುತ್ತವೆ. 'ಉಳಿದ ಮುಖ' ಬರುವುದಿಲ್ಲ. ವಿಭಾಗದಲ್ಲಿ ನನಗೆಂದು ಇಟ್ಟಿದ್ದ ಬೀಳ್ಕೊಡುಗೆಯ ಸಭೆ ಕೂಡಲಿಲ್ಲ. ಕೋಣೆಯ ಬೀಗದ ಕೈ ಗುಮಾಸ್ತನಿಗೆ ಕೊಟ್ಟು ಬಂದೆ. ಅವನು ತಲೆಯೆತ್ತಿ ನೋಡಲಿಲ್ಲ.

ಸಹಾಯಕಿಗೂ ಬರೆದೆ. ಮೂಲೆಯ ಉಬ್ಬನ್ನು ಮೊದಲು ಕಂಡವಳು ಅವಳೇ. "ಸರ್, ಇಪ್ಪತ್ತಮೂರನೇದನ್ನ ಯಾರೋ ಚುಚ್ಚಿದಾರೆ" ಎಂದು ಹೇಳಿ, ನಾನು ಕಿವಿಗೆ ಹಾಕಿಕೊಳ್ಳದಿದ್ದಾಗ ತಾನೇ ಹೊಸ ಚಿತ್ರ ಮಾಡಿಸಿ ತಂದಳು. ಜ್ವರ ಎಂದು ಬರೆ ಎಂದೆ. ಬರೆಯಲಿಲ್ಲ, ಕೆಲಸ ಬಿಟ್ಟಳು. ನನ್ನ ಕಾಗದಕ್ಕೆ ಅವಳು ಉತ್ತರ ಕೊಟ್ಟಿಲ್ಲ. ಕೊಡಬೇಕಾಗಿಯೂ ಇಲ್ಲ.

ಇನ್ನೊಂದನ್ನು ನಿಮಗೆ ಹೇಳಬೇಕು. ನನ್ನ ಮನೆಯಾಕೆಗೆ ಪ್ರಯಾಣ ಆಗಿಬರುವುದಿಲ್ಲ ಎಂದು ಇಷ್ಟು ವರ್ಷ ಬರೆದೆ. ನಿಮ್ಮ ಮನೆಗೆ ನಾನು ಮೊದಲ ಸಲ ಬರುವ ಹೊತ್ತಿಗೆ ಅವಳು ನನ್ನನ್ನು ಬಿಟ್ಟು ಹೋಗಿ ಎರಡು ತಿಂಗಳಾಗಿತ್ತು. ಮುಖಗಳ ಬಗ್ಗೆಯೇ ಏನೋ ಬರೆಯುತ್ತಾ ಕೂತಿದ್ದೆ. ಬಾಗಿಲಲ್ಲಿ ನಿಂತು "ನನ್ನ ಮುಖ ನೋಡಿ ಎಷ್ಟು ದಿನ ಆಯ್ತು, ಹೇಳಿ ನೋಡೋಣ" ಎಂದಳು. ಈ ಸಾಲು ಮುಗಿಸಿ ನೋಡುತ್ತೇನೆ ಎಂದೆ. ಸಾಲು ಮುಗಿಯುವಷ್ಟರಲ್ಲಿ ಬಾಗಿಲು ಖಾಲಿಯಿತ್ತು.

ಎಲ್ಲ ಅಳಿಸಿಹೋದವನೂ ಹೆಂಡತಿಯ ಮುಖವೊಂದನ್ನು ಉಳಿಸಿಕೊಂಡ ಎಂಬುದು ನಿಜವಾಗಿರಲಿ ಎಂದು ನಾನು ಎಷ್ಟು ಆಸೆಪಟ್ಟೆನೆಂದರೆ, ಸುಳ್ಳೆಂದು ಗೊತ್ತಾದ ಮೇಲೂ ಬಿಡಲಾಗಲಿಲ್ಲ. ಇದು ಸಬೂಬಲ್ಲ. ನಡೆದದ್ದು ಹೀಗೆ ಎಂದಷ್ಟೇ.

ಪತ್ರಿಕೆಯ ಪ್ರಕಟಣೆಯನ್ನು ಕನ್ನಡದಲ್ಲಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಆ ಡ್ರೈವರರ ಮನೆಯಾಕೆಗೆ ನಾನೇ ಬಂದು ಹೇಳಬೇಕಿತ್ತು. ಧೈರ್ಯ ಸಾಲಲಿಲ್ಲ.

ಮೇಷ್ಟ್ರು


೩ ಮಾರ್ಚ್ ೧೯೯೮

ಅಣ್ಣನಿಗೆ,

ನಿಮ್ಮ ಕಾಗದವನ್ನು ಮಗಳಿಗೂ ಓದಿ ಹೇಳಿದೆ. ಅವಳಿಗೆ ನಿಮ್ಮ ಮೇಲೆ ಸಿಟ್ಟಿದೆ, ನನ್ನ ಮೇಲೆ ಅದಕ್ಕಿಂತ ಹೆಚ್ಚು. "ಅಪ್ಪನಿಗೆ ನನ್ನ ಮುಖಾನೂ ಗೊತ್ತಿರ್ಲಿಲ್ಲ. ನಿನ್ನೊಬ್ಬಳದು ಗೊತ್ತು ಅಂತ ಹೊಟ್ಟೆಕಿಚ್ಚು ಪಟ್ಕೊಂಡು ಬೆಳೆದೆ ನಾನು" ಎಂದಳು. ನನಗೆ ಇದು ಹೊಳೆದೇ ಇರಲಿಲ್ಲ. ಎರಡು ದಿನ ಮಾತು ಬಿಟ್ಟಿದ್ದಳು. ಈಗ ಅಗತ್ಯಕ್ಕೆ ತಕ್ಕಷ್ಟು ಆಡುತ್ತಾಳೆ.

ಹೋದ ಗುರುವಾರ ಆ ಡ್ರೈವರನ ಹೆಂಡತಿಯ ಅಣ್ಣನ ಮನೆ ಹುಡುಕಿಕೊಂಡು ಹೋದೆ. ಎರಡು ಬಸ್ಸು ಬದಲಿಸಬೇಕು. ಮಹಡಿಯ ಮೇಲೆ ಸಣ್ಣದೊಂದು ಕೋಣೆ ಕೊಟ್ಟಿದ್ದಾರೆ. ಒಳಗೆ ಕರೆದಳು, ಕೂರಿ ಎನ್ನಲಿಲ್ಲ. ನಿಂತುಕೊಂಡೇ ನೀವು ಕಳಿಸಿದ್ದನ್ನು ಓದಿದೆ. ನಾನು ಚುಚ್ಚಿದ್ದು, ನೀವು ಮುಚ್ಚಿದ್ದು, ನಾನು ಅಂದು ಅವಳಿಗೆ ಆಡಿದ ಮಾತು ಬರೀ ಜಂಬದ್ದು ಎಂಬುದು, ಎಲ್ಲ ಹೇಳಿದೆ.

"ಒಂದು ವರ್ಷ ಆಯ್ತಲ್ಲ ಅಕ್ಕಾ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಗಂಡ ಈಗ ಡಿಪೋದಲ್ಲಿ ಬಸ್ಸು ತೊಳೆಯುತ್ತಾನಂತೆ. ತಿಂಗಳಿಗೆ ಒಂದು ಭಾನುವಾರ ಮಗಳನ್ನು ನೋಡಲು ಬರುತ್ತಾನೆ. "ಬಾಗಿಲಲ್ಲಿ ನಿಂತ್ಕೋತಾರೆ. ನಾನು, ಅತ್ತಿಗೆ, ಅತ್ತಿಗೆ ತಂಗಿ, ಎಲ್ಲಾ ಇಲ್ಲೇ ಇರ್ತೀವಿ. ನಮ್ಮಲ್ಲಿ ನಾನು ಯಾರು ಅಂತ ಒಬ್ಬೊಬ್ಬರನ್ನೇ ನೋಡ್ತಾರೆ. ನೋಡಿ ನೋಡಿ ತಲೆ ತಗ್ಗಿಸ್ತಾರೆ" ಎಂದಳು.

ಆಮೇಲೆ ಕೇಳಿದಳು. "ಮುಖ ಗೊತ್ತೇ ಇರ್ಲಿಲ್ಲ ಅಂದ್ಮೇಲೆ, ಹದಿನಾರು ವರ್ಷ ನಿಮ್ಮನೆಯವ್ರಿಗೆ ನೀವು ಅಂತ ಹೇಗೆ ತಿಳೀತಿತ್ತು?"

"ನಾನೇ ಹೇಳ್ತಿದ್ದೆ. ಕೋಣೆಯೊಳಗೆ ಕಾಲಿಡೋವಾಗ 'ನಾನು' ಅಂತಿದ್ದೆ."

"ಪ್ರತಿ ಸಲಾನಾ?"

"ಪ್ರತಿ ಸಲ. ನೀರು ತಂದ್ರೆ, ಗುಂಡಿ ಡಬ್ಬಿ ತಗೊಳ್ಳೋಕೆ ಬಂದ್ರೆ, ಎಲ್ಲಾದಕ್ಕೂ."

ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ನಾನೂ ಕೂತೆ. "ನಾನು ಒಂದು ದಿನಾನೂ ಹೇಳಲಿಲ್ಲ. ನೋಡಿ ಅವರೇ ಹೇಳ್ಲಿ ಅಂತ ಬಾಯಿ ಮುಚ್ಕೊಂಡು ಎದುರಿಗೆ ನಿಂತಿರ್ತಿದ್ದೆ" ಎಂದಳು.

ಕೆಳಗೆ ಅವಳ ಅತ್ತಿಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಮುಂದಿನ ಭಾನುವಾರ ಅವನು ಬರುವ ದಿನ. ವಾಪಸ್ಸು ಹೋಗುತ್ತೇನೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

"ಬರೀ 'ನಾನು' ಅಂತಾನಾ?" ಎಂದಳು.

"ಹೂಂ. ಬರೀ 'ನಾನು'."

ನನ್ನ ಎದುರಿಗೇ ಮೆಲ್ಲಗೆ ಒಂದು ಸಲ ಹೇಳಿ ನೋಡಿದಳು. ಸರಿಯಾಗಿ ಬರಲಿಲ್ಲ. ನೀರು ಕುಡಿದು, ಬಾಗಿಲ ಕಡೆ ತಿರುಗಿ ಇನ್ನೊಂದು ಸಲ ಹೇಳಿದಳು.

ನಿಮ್ಮ ತಂಗಿ